"ನೆರವು ಇದ್ದೇ ಇದೆ" ಅನ್ನುವವರಿಗೆ

ನಿನ್ನೆ ರಾತ್ರಿ ಟಿವಿಯಲ್ಲಿ ಆಮದು ಸುಂಕದ ಬಗ್ಗೆ ಚರ್ಚೆ ನಡೆಯುತ್ತಿತ್ತು. ಅದರಲ್ಲಿ ಒಬ್ಬರು, "ಹೊರದೇಶದ ಸರಕಿನಿಂದ ಕೆಲಸ ಕಳೆದುಕೊಂಡವರಿಗೆ ಅಮೆರಿಕದಲ್ಲಿ ಸರ್ಕಾರದ ನೆರವು ಇದ್ದೇ ಇದೆ" ಅಂದರು. ಯಾರೂ ತಡೆಯಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಇಲ್ಲ ಸ್ವಾಮಿ. ಹೊಸದಾಗಿ ಕೆಲಸ ಹೋದವರಿಗೆ ಆ ನೆರವು ಈಗ ಇಲ್ಲ. ಆ ನೆರವಿನ ಯೋಜನೆಯ ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್, ಅಂದರೆ ಟಿಎಎ. ಅದು 2022ರ ಜುಲೈ 1ಕ್ಕೆ ನಿಂತುಹೋಯಿತು. ಅವಧಿ ಮುಗಿಯಿತು, ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಮುಂದುವರಿಸಲಿಲ್ಲ. ಅವತ್ತಿನಿಂದ ಲೇಬರ್ ಡಿಪಾರ್ಟ್‌ಮೆಂಟ್ ಹೊಸ ಅರ್ಜಿಯ ತನಿಖೆ ಮಾಡುವಂತಿಲ್ಲ. ಮೊದಲೇ ಅರ್ಹತೆ ಸಿಕ್ಕವರಿಗಷ್ಟೇ ಸೌಲಭ್ಯ.

ಯೋಜನೆ ನಡೆಯುತ್ತಿದ್ದಾಗಲೂ ಅದು ಸುಲಭವಾಗಿ ಕೈಗೆ ಸಿಗುತ್ತಿರಲಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಕೆಲಸ ಹೋಯಿತು ಅಂದರೆ ಸಾಲದು. ಯಾಕೆ ಹೋಯಿತು ಅನ್ನೋದು ಸಾಬೀತಾಗಬೇಕು. 1962ರಲ್ಲಿ ಕೆನಡಿ ಕಾಲದಲ್ಲಿ ಇದು ಶುರುವಾದಾಗ, ಸರ್ಕಾರ ಸುಂಕ ಇಳಿಸಿದ್ದರಿಂದಲೇ ಆಮದು ಹೆಚ್ಚಿತು, ಆ ಆಮದೇ ಕೆಲಸ ಹೋಗಲು ಮುಖ್ಯ ಕಾರಣ ಅಂತ ತೋರಿಸಬೇಕಿತ್ತು. ಪರಿಣಾಮ? 1969ರವರೆಗೆ ಕಾರ್ಮಿಕರ ಒಂದೇ ಒಂದು ಅರ್ಜಿಯೂ ಒಪ್ಪಿಗೆಯಾಗಲಿಲ್ಲ. 1974ರ ಕಾನೂನು ಇದನ್ನು ಸಡಿಲ ಮಾಡಿತು. ಆದರೂ ಕಾರಣ ತೋರಿಸುವ ಷರತ್ತು ಹಾಗೇ ಉಳಿಯಿತು.

ಮೂರು ಜನ ಕಾರ್ಮಿಕರು ಸೇರಿದರೆ ಅರ್ಜಿ ಹಾಕಬಹುದಿತ್ತು. ಆದರೆ ಆರ್ಡರ್ ಎಷ್ಟು ಇಳಿಯಿತು, ಗಿರಾಕಿಗಳು ಯಾವ ದೇಶದ ಮಾಲಿಗೆ ಹೋದರು ಅನ್ನುವ ಲೆಕ್ಕ ಕಂಪನಿಯ ಹತ್ತಿರ, ಗಿರಾಕಿಗಳ ಹತ್ತಿರ ಇರುತ್ತದೆ. ಲೇತ್ ಮುಂದೆ ನಿಂತವರಿಗೆ ಅದು ಹೇಗೆ ಗೊತ್ತಾಗಬೇಕು? ಡಿಪಾರ್ಟ್‌ಮೆಂಟ್ ಆ ಕಂಪನಿಯನ್ನು, ಗಿರಾಕಿಗಳನ್ನು ಕೇಳಿಯೇ ತೀರ್ಮಾನ ಮಾಡುತ್ತಿತ್ತು. ಕಾರ್ಮಿಕರ ಹಣೆಬರಹ ಬೇರೆಯವರ ಉತ್ತರದ ಮೇಲೆ. ಸಾಫ್ಟ್‌ವೇರ್ ಬರೆಯುತ್ತಿದ್ದವರಿಗಂತೂ "ನೀವು ಮಾಡುವುದು ವಸ್ತುವೇ ಅಲ್ಲ" ಅಂತ ವರ್ಷಗಟ್ಟಲೆ ನಿರಾಕರಿಸಿದರು. ಅವರು ಕೋರ್ಟಿಗೇ ಹೋಗಬೇಕಾಯಿತು.

ನಮ್ಮನೆಯವರು ಅಮೆರಿಕದಲ್ಲೇ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿದ್ದರು. ಮೊದಲ ಲೇಆಫ್ ಪಟ್ಟಿಯಲ್ಲೇ ಅವರ ಹೆಸರಿತ್ತು. ಆಮೇಲೆ ಕಾರ್ಖಾನೆ ಪೂರ್ತಿ ಮುಚ್ಚುವಾಗ ಉಳಿದವರು ಅರ್ಜಿ ಹಾಕಿದರು, ಅರ್ಹತೆಯೂ ಸಿಕ್ಕಿತು. ಆದರೆ ಅರ್ಜಿಯ ತಾರೀಕಿಗಿಂತ ಒಂದು ವರ್ಷಕ್ಕೂ ಮುಂಚೆ ಕೆಲಸ ಹೋದವರು ಅದರೊಳಗೆ ಬರುವುದಿಲ್ಲ. ಅದೇ ಶೆಡ್, ಅದೇ ಆಮದು. ಪಕ್ಕದ ಮೆಷಿನ್‌ನವರಿಗೆ ತರಬೇತಿ ಸಿಕ್ಕಿತು, ಇವರಿಗೆ ಇಲ್ಲ. ಇವರು ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಅದಕ್ಕೇ ನಾನು ಮಾತಾಡುತ್ತೇನೆ.

ಸಿಗುತ್ತಿದ್ದದ್ದು ಸಣ್ಣದೇನಲ್ಲ. ತರಬೇತಿಯ ಖರ್ಚು. ನಿರುದ್ಯೋಗ ಭತ್ಯೆ ಮುಗಿದ ಮೇಲೂ ಕಲಿಯುವಾಗ ಕೈಗೊಂದಿಷ್ಟು ಹಣ. ಬೇರೆ ಊರಿಗೆ ಹೋಗಲು ಸಹಾಯ. ಐವತ್ತು ದಾಟಿದವರು ಕಡಿಮೆ ಸಂಬಳದ ಕೆಲಸ ಹಿಡಿದರೆ ಹಳೆಯ ಸಂಬಳಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಅರ್ಧ, ಎರಡು ವರ್ಷದಲ್ಲಿ 10,000 ಡಾಲರ್‌ವರೆಗೆ. ಐವತ್ತೈದರ ಮನುಷ್ಯನಿಗೆ ಅದು ಮನೆಕಂತು ಕಟ್ಟುವ ದುಡ್ಡು.

"ರೋಬೋಟ್ ಬಂದು ಕೆಲಸ ಹೋದವರಿಗೆ ಇಲ್ಲದ ನೆರವು ಇವರಿಗ್ಯಾಕೆ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿ. ಆದರೆ ಅದಕ್ಕೆ ಉತ್ತರ ಅವರಿಗೂ ಕೊಡುವುದು, ಇವರಿಂದ ಕಿತ್ತುಕೊಳ್ಳುವುದಲ್ಲ. ಯುರೋಪಿನಲ್ಲಿ ಹಾಗೇ ಮಾಡಿದರು. ಜಾಗತೀಕರಣದಿಂದ ಕೆಲಸ ಹೋದವರಿಗಾಗಿ 2007ರಲ್ಲಿ ಶುರುವಾದ ಅಲ್ಲಿನ ನಿಧಿ, 2021ರಿಂದ ಕಂಪನಿಗಳಲ್ಲಿ ಕೆಲಸ ಹೋಗುವಂಥ ಯಾವುದೇ ದೊಡ್ಡ ಪುನರ್ರಚನೆಗೆ ಅನ್ವಯಿಸುತ್ತದೆ. ಸಾಮಾನ್ಯವಾಗಿ 200 ಜನ ಕೆಲಸ ಕಳೆದುಕೊಂಡಿದ್ದರೆ ಸಾಕು. ಕಾರಣ ಯಂತ್ರವೇ ಆಗಿರಲಿ, ಆಮದೇ ಆಗಿರಲಿ. ಮನೆಯಲ್ಲಿ ಕೂತವನ ಕಷ್ಟ ಎರಡಕ್ಕೂ ಒಂದೇ ಅಲ್ವಾ?

ಕಾರ್ಖಾನೆ ಕಾರ್ಮಿಕರ ಹೆಸರಲ್ಲೇ ಸುಂಕ ಏರಿಸುತ್ತಾರೆ, ಅವರ ಹೆಸರಲ್ಲೇ ಭಾಷಣ ಮಾಡುತ್ತಾರೆ. ಅವರಿಗೆ ಇದ್ದ ಯೋಜನೆ ನಿಂತಿದ್ದು ಮಾತ್ರ ಚರ್ಚೆಗೇ ಬರುವುದಿಲ್ಲ.

ಅಮೆರಿಕದಲ್ಲಿ ಮತ ಇರುವ ಗೆಳೆಯರೇ, ನಿಮ್ಮ ಪ್ರತಿನಿಧಿಯ ಆಫೀಸಿಗೆ ಫೋನ್ ಮಾಡಿ. ಟಿಎಎ ಮತ್ತೆ ಯಾವಾಗ ಶುರುವಾಗುತ್ತದೆ, 2022ರ ಜುಲೈ ನಂತರ ಕೆಲಸ ಹೋದವರನ್ನು ಅದರಲ್ಲಿ ಸೇರಿಸುತ್ತೀರಾ, ಆ ಒಂದು ವರ್ಷದ ಷರತ್ತು ತೆಗೆಯುತ್ತೀರಾ ಅಂತ ಕೇಳಿ.