ಸ್ಟೀಲ್ ಬಾಟಲಿ ಮತ್ತು ಅದರ ಪ್ಲಾಸ್ಟಿಕ್ ಕವರ್

ಕಳೆದ ಜೂನ್ 5ರಂದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಸ್ಟೀಲ್ ಬಾಟಲಿ ಕೊಟ್ಟರು. ಪರಿಸರ ದಿನ ಅಲ್ವಾ, ಪ್ಲಾಸ್ಟಿಕ್ ಬಿಡಿ ಅಂತ. ಬಾಟಲಿ ಚೆನ್ನಾಗಿಯೇ ಇತ್ತು. ಆದರೆ ರಟ್ಟಿನ ಡಬ್ಬಿ ಬಿಚ್ಚಿದರೆ ಒಳಗೊಂದು ತೆಳು ಪ್ಲಾಸ್ಟಿಕ್ ಕವರ್. ಅದರೊಳಗೆ ಬಾಟಲಿ. ಮುಚ್ಚಳಕ್ಕೆ ಮತ್ತೊಂದು ಪುಟ್ಟ ಕವರ್. ಅರ್ಧ ಗಂಟೆಯೊಳಗೆ ನಮ್ಮ ಮಹಡಿಯ ಕಸದ ಬುಟ್ಟಿಗಳೆಲ್ಲ ತುಂಬಿ ಹೊರಗೆ ಚೆಲ್ಲಿದವು. ಅತ್ತ ಭಾಷಣ ಇನ್ನೂ ಮುಗಿದಿರಲಿಲ್ಲ.

ಯಾರನ್ನೋ ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ತರಿಸಿದವರ ಮನಸ್ಸು ಒಳ್ಳೆಯದೇ. 'ಒಂದೊಂದಕ್ಕೂ ಕವರ್ ಹಾಕಬೇಡಿ' ಅಂತ ಆರ್ಡರಿನಲ್ಲಿ ಒಂದು ಸಾಲು ಬರೆಯುವುದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಆದರೆ ನನ್ನ ತಕರಾರು ಇರುವುದೇ ಆ ಒಂದು ಸಾಲಿನ ಬಗ್ಗೆ. ಪ್ಲಾಸ್ಟಿಕ್ ಕಸ ಅಂದ ಕೂಡಲೇ ಕಂಪನಿಗಳು ನೌಕರರಿಗೂ ಗ್ರಾಹಕರಿಗೂ ಬುದ್ಧಿ ಹೇಳಲು ಶುರು ಮಾಡುತ್ತವೆ. ಪೋಸ್ಟರ್, ಪ್ರತಿಜ್ಞೆ, ಸೆಲ್ಫಿ. (ಪೋಸ್ಟರಿಗೂ ಲ್ಯಾಮಿನೇಷನ್ ಮಾಡಿಸಿರುತ್ತಾರೆ, ನೋಡಿ.) ಕಸ ಹುಟ್ಟುವುದು ಮಾತ್ರ ಖರೀದಿ ವಿಭಾಗದ ಮೇಜಿನ ಮೇಲೆ. ಅಲ್ಲಿಗೆ ಯಾವ ಪೋಸ್ಟರೂ ಹೋಗುವುದಿಲ್ಲ.

ಆ ದಿನದ ಆಮೇಲೆ ನನಗೊಂದು ಕುತೂಹಲ ಹತ್ತಿತು. ನಮ್ಮ ಮಹಡಿಯಲ್ಲಿ ದಿನಕ್ಕೆ ಏನೇನು ಕಸ ಬೀಳುತ್ತದೆ? ಹೌಸ್‌ಕೀಪಿಂಗ್ ಅಕ್ಕನನ್ನು ಕೇಳಿ, ಒಂದು ಸಂಜೆ ಕೈಗೆ ಗ್ಲೌಸ್ ಹಾಕಿಕೊಂಡು ಅವರ ಜೊತೆ ಕೂತೆ. ಹಳೆ ಪೇಪರ್ ಹಾಸಿ ಒಂದೊಂದೇ ಚೀಲ ಸುರಿದೆವು. ಪೇಪರ್ ಕಪ್‌ಗಳು ಒಂದರೊಳಗೊಂದು ಕೂತು ಉದ್ದುದ್ದ ಕೋಲುಗಳ ಹಾಗೆ ಬಿದ್ದವು. ಮೀಟಿಂಗ್ ರೂಮಿನಿಂದ ಬಂದ ನೀರಿನ ಬಾಟಲಿಗಳಲ್ಲಿ ಜಾಸ್ತಿಯವು ಎರಡು ಗುಟುಕು ಕುಡಿದು ಬಿಟ್ಟವು. ಕೊರಿಯರ್ ಕವರ್, ಬಬಲ್ ಶೀಟ್. ಇವೆಲ್ಲ ಊಹಿಸಿದ್ದೇ. ಊಹಿಸದೇ ಇದ್ದದ್ದು ಬೇರೆ: ಕಸದ ಚೀಲಗಳೇ. ಪ್ರತಿ ಡೆಸ್ಕಿನ ಪಕ್ಕ ಒಂದು ಪುಟ್ಟ ಬುಟ್ಟಿ, ಪ್ರತಿ ಬುಟ್ಟಿಗೂ ದಿನಾ ಒಂದು ಹೊಸ ಕಪ್ಪು ಕವರ್. ಎಷ್ಟೋ ಕವರ್‌ಗಳಲ್ಲಿ ಇದ್ದದ್ದು ಒಂದು ಟಿಶ್ಯೂ, ಇಲ್ಲವೇ ಒಂದು ಚೀಟಿ.

'ಒಂದು ಚೀಟಿ ಇದ್ದರೂ ಕವರ್ ಬದಲಾಯಿಸಲೇಬೇಕು ಸಾರ್, ಇಲ್ಲ ಅಂದರೆ ಸೂಪರ್‌ವೈಸರ್ ಬೈಯುತ್ತಾರೆ' ಅಂದರು ಅಕ್ಕ. 'ನಾನು ಸುಮ್ನೆ ಚೀಟಿ ತೆಗೆದು ಕವರ್ ಹಾಗೇ ಬಿಡುತ್ತಿದ್ದೆ. ಬೇಡ ಅಂದರು.'

ಪ್ಲಾಸ್ಟಿಕ್ ಉಳಿಸುವ ದಾರಿ ಅವರಿಗೆ ಮೊದಲೇ ಗೊತ್ತಿತ್ತು. ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಡೆಸ್ಕಿನ ಬುಟ್ಟಿಗಳನ್ನೆಲ್ಲ ತೆಗೆದು ಮಹಡಿಗೆ ನಾಲ್ಕು ದೊಡ್ಡ ಡಬ್ಬ ಇಟ್ಟರೆ ಸಾಕಾಗಿತ್ತು. ಈಗ ಹಾಗೇ ಮಾಡಿದ್ದೇವೆ. ಎದ್ದು ಹತ್ತು ಹೆಜ್ಜೆ ನಡೆಯಬೇಕು ಅಂತ ಒಂದು ವಾರ ಗೊಣಗಾಟ ನಡೆಯಿತು. ಆಮೇಲೆ ಮರೆತರು.

ಪೇಪರ್ ಕಪ್ಪಿನ ಕಥೆ ಇಷ್ಟು ಸಲೀಸಾಗಿರಲಿಲ್ಲ. ಹೆಸರು ಪೇಪರ್ ಅಂತ ಇದ್ದರೂ, ನೀರು ಸೋರದಿರಲಿ ಅಂತ ಸಾಮಾನ್ಯವಾಗಿ ಒಳಗೆ ತೆಳ್ಳಗೆ ಪಾಲಿಥಿನ್ ಬಳಿದಿರುತ್ತಾರೆ. ಪೇಪರಿನಿಂದ ಅದನ್ನು ಬಿಡಿಸುವುದು ಕಷ್ಟ. ಹಾಗಾಗಿ ರದ್ದಿಗೆ ಹಾಕಿದರೂ ಹೆಚ್ಚಿನ ಕಡೆ ಅದನ್ನು ತೆಗೆದುಕೊಳ್ಳುವುದಿಲ್ಲ. ಒಂದು ಸೋಮವಾರ ನಮ್ಮಲ್ಲಿ ಕಪ್‌ಗಳನ್ನು ದಿಢೀರ್ ಅಂತ ತೆಗೆದುಬಿಟ್ಟರು. ಮಗ್ ತನ್ನಿ ಅಂತ ಒಂದು ಇಮೇಲ್ ಬಂತು. ಬುಧವಾರದ ಹೊತ್ತಿಗೆ ಯಾರೋ ಡ್ರಾಯರಿನಲ್ಲಿ ಒಂದು ಕಟ್ಟು ಕಪ್ ತಂದಿಟ್ಟುಕೊಂಡಿದ್ದರು. ನಾನೂ ಅದರಿಂದ ಎರಡು ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ. ಯಾಕಂದರೆ ಮಗ್ ತೊಳೆಯುವ ಸಿಂಕ್ ಇದ್ದದ್ದು ಕೆಳಗಿನ ಮಹಡಿಯಲ್ಲಿ. ಅಲ್ಲಿ ಸೋಪಿಲ್ಲ, ಒರೆಸಲು ಬಟ್ಟೆಯಿಲ್ಲ. ಕೊನೆಗೆ ಕಾಫಿ-ಟೀ ಮೆಷಿನ್ ಪಕ್ಕದಲ್ಲೇ ಸಿಂಕ್, ಸೋಪು, ನೀರು ಇಳಿಯಲು ಒಂದು ಸ್ಟ್ಯಾಂಡ್, ಆಫೀಸಿನದೇ ಒಂದಷ್ಟು ಮಗ್ ಬಂದವು. ಪೇಪರ್ ಕಪ್ ರಿಸೆಪ್ಷನ್ನಿಗೆ ಹೋಯಿತು. ಬೇಕಿದ್ದವರು ಹೋಗಿ ಕೇಳಬೇಕು. ಕೇಳಿದರೆ ಕೊಡುತ್ತಾರೆ, ಆದರೆ ಕೇಳಲು ಎದ್ದು ಹೋಗುವವರೇ ಕಡಿಮೆ. ಆ ಡ್ರಾಯರಿನ ಕಟ್ಟು ಇನ್ನೂ ಹಾಗೇ ಇದೆ.

ಕೇಳಿದರೆ ಮಾತ್ರ ಕೊಡುವುದು. ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ಲ. ಚೀನಾದಲ್ಲಿ ಊಟ ತಲುಪಿಸುವ ಆಪ್ ಒಂದು, ಒಮ್ಮೆ ಬಳಸಿ ಎಸೆಯುವ ಚಮಚ-ಚಾಪ್‌ಸ್ಟಿಕ್ಕಿನ ವಿಷಯದಲ್ಲಿ ಇದನ್ನೇ ಮಾಡಿತು. 'ಬೇಡ' ಅನ್ನುವುದನ್ನೇ ಮೊದಲ ಆಯ್ಕೆಯಾಗಿ ಇಟ್ಟಿತು. ಬೇಡ ಅಂದವರಿಗೆ ಪಾಯಿಂಟ್ ಕೊಟ್ಟು, ಆ ಪಾಯಿಂಟಿಗೆ ಅವರ ಹೆಸರಲ್ಲಿ ಮರ ನೆಡಿಸಿತು. ಚಮಚ ಬೇಡ ಅನ್ನುವ ಆರ್ಡರುಗಳ ಪಾಲು ಶೇ. 648ರಷ್ಟು ಏರಿತು, ಅಂದರೆ ಮೊದಲಿನ ಏಳು ಪಟ್ಟಿಗೂ ಹೆಚ್ಚಾಯಿತು ಅಂತ 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತದೆ. ಚಮಚ ಬೇಕು ಅಂದವರಿಗೆ ಯಾರೂ ಇಲ್ಲ ಅನ್ನಲಿಲ್ಲ. ಬೇಕಿದ್ದರೆ ಒತ್ತಬೇಕಿತ್ತು, ಅಷ್ಟೇ.

ಗ್ರಾಹಕರ ವಿಷಯಕ್ಕೆ ಬಂದರೆ ಕಂಪನಿಗಳಿಗೆ ರಿಯಾಯಿತಿ ಅಂದರೆ ಬಲು ಪ್ರೀತಿ. 'ನಿಮ್ಮದೇ ಕಪ್ ತಂದರೆ ಇಷ್ಟು ಕಡಿಮೆ' ಅಂತ ಬೋರ್ಡ್ ಹಾಕುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ನೋಡಿದಾಗ ರಿಯಾಯಿತಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಎಸೆಯುವ ಕಪ್ಪಿಗೆ ಬೇರೆಯಾಗಿ ದುಡ್ಡು ಹಾಕಿದಾಗ ಜನ ತಮ್ಮ ಕಪ್ ತರುವುದು ಹೆಚ್ಚಾಯಿತು. ಸಿಗುವ ಪುಡಿಗಾಸಿಗಿಂತ ಕೈಬಿಟ್ಟು ಹೋಗುವ ಪುಡಿಗಾಸು ನಮಗೆ ದೊಡ್ಡದು. ಐರ್ಲೆಂಡ್ 2002ರಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಸಣ್ಣ ಸುಂಕ ಹಾಕಿದಾಗ ಅದರ ಬಳಕೆ ಶೇ. 90ರಷ್ಟು ಇಳಿದಿತ್ತು. ಅದು ಸರ್ಕಾರದ ಸುಂಕ ನಿಜ. ಆದರೆ ಬಿಲ್ಲಿನಲ್ಲಿ ಚೀಲಕ್ಕೆ ಬೇರೆ ಸಾಲು ತೋರಿಸಲು ಯಾವ ಅಂಗಡಿಗೂ ಕಾನೂನು ಬರುವ ತನಕ ಕಾಯಬೇಕಿಲ್ಲ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತಲೂ ಬಿಲ್ಲಿನಲ್ಲೇ ಹಾಕಲಿ. ಇಲ್ಲದಿದ್ದರೆ ಇದೂ ಒಂದು ವ್ಯಾಪಾರ ಅಂತ ಜನ ಬೈಯುತ್ತಾರೆ. ಬೈದರೆ ತಪ್ಪೇನೂ ಇಲ್ಲ.

ವಾಪಸ್ ತೆಗೆದುಕೊಳ್ಳುವುದು ಇನ್ನೊಂದು ದಾರಿ. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸುವ ಬಾಟಲಿಗೂ ಠೇವಣಿ ಕಟ್ಟಬೇಕು. ಖಾಲಿ ಬಾಟಲಿ ತಂದು ಮೆಷಿನ್ನಿಗೆ ಹಾಕಿದರೆ ಠೇವಣಿ ವಾಪಸ್. ಅಲ್ಲಿ ಶೇ. 90ಕ್ಕೂ ಹೆಚ್ಚು ಬಾಟಲಿಗಳು ಹಿಂದಿರುಗುತ್ತವೆ. ಯಾರಾದರೂ ಬಾಟಲಿ ಬಿಸಾಡಿದರೂ ಇನ್ನೊಬ್ಬರು ಎತ್ತಿಕೊಂಡು ಹೋಗುತ್ತಾರೆ, ಅದು ದುಡ್ಡಲ್ವಾ.

ಇದೆಲ್ಲ ಹೇಳಿದಾಗ ಒಬ್ಬ ಗೆಳೆಯ ಕೇಳಿದ: 'ಇಷ್ಟೆಲ್ಲ ಯಾಕೆ, ರೀಸೈಕಲ್ ಮಾಡಿದರೆ ಆಯಿತಲ್ಲ?' 2017ರಲ್ಲಿ ಬಂದ ಒಂದು ದೊಡ್ಡ ಲೆಕ್ಕಾಚಾರ ಇದೆ. 2015ರ ತನಕ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ಕಿನಲ್ಲಿ ರೀಸೈಕಲ್ ಆದದ್ದು ಸುಮಾರು ಶೇ. 9. ಸುಟ್ಟದ್ದು ಶೇ. 12. ಮಿಕ್ಕದ್ದು ಗುಂಡಿಯಲ್ಲೋ, ಬಯಲಲ್ಲೋ ಬಿದ್ದಿದೆ. ಇದಕ್ಕೆ ಬರೀ ಜನರ ಸೋಮಾರಿತನ ಕಾರಣವಲ್ಲ. ಫಳಫಳ ಹೊಳೆಯುವ ಪೊಟ್ಟಣ ನೋಡಿ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರ, ಮತ್ತೆ ಪ್ಲಾಸ್ಟಿಕ್ಕು. ಅವನ್ನು ಬೇರೆ ಮಾಡುವುದು ಯಾರಿಗೂ ಗಿಟ್ಟುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಡಬ್ಬಿಯದು ಇನ್ನೊಂದು ಗೋಳು. ಅದಕ್ಕೆ ಬೆರೆಸುವ ಕಾರ್ಬನ್ ಬಣ್ಣ ಇನ್‌ಫ್ರಾರೆಡ್ ಬೆಳಕನ್ನು ನುಂಗುತ್ತದೆ. ಆ ಬೆಳಕಿನಿಂದಲೇ ಗುರುತಿಸಿ ವಿಂಗಡಿಸುವ ಮೆಷಿನ್ನಿನ ಕಣ್ಣಿಗೆ ಡಬ್ಬಿ ಕಾಣುವುದೇ ಇಲ್ಲ. ಗ್ರಾಹಕ ಎಷ್ಟೇ ಚೆನ್ನಾಗಿ ತೊಳೆದು ಸರಿಯಾದ ಬುಟ್ಟಿಗೇ ಹಾಕಿದರೂ ಏನೂ ಪ್ರಯೋಜನವಿಲ್ಲ. ಡಬ್ಬಿಯ ಬಣ್ಣ ಬದಲಿಸಬೇಕಾದ್ದು ಕಂಪನಿ.

ಬದಲಿಸಲು ಆಗುತ್ತದೆ ಕೂಡ. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ, 3 ಲೀಟರ್ ತನಕದ ಪ್ಲಾಸ್ಟಿಕ್ ಪಾನೀಯ ಬಾಟಲಿಗಳ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕು ಅಂತ ನಿಯಮ ಬಂತು. ಕುಡಿಯುವಾಗ ಮೂಗಿಗೆ ತಾಗುತ್ತದೆ ಅಂತ ಜನ ಸಿಡಿಮಿಡಿಗೊಂಡರು. ಆದರೆ ಮುಚ್ಚಳ ಬಾಟಲಿಯ ಜೊತೆಗೇ ಹೋಗುತ್ತದೆ, ಕಡಲ ತೀರದಲ್ಲಿ ಉಳಿಯುವುದಿಲ್ಲ. ಮುಚ್ಚಳ ಎಸೆಯಬೇಡಿ ಅಂತ ಯಾರಿಗೂ ಭಾಷಣ ಮಾಡಬೇಕಾಗಲಿಲ್ಲ.

'ಕಾಂಪೋಸ್ಟ್ ಆಗುತ್ತದೆ' ಅಂತ ಬರೆದಿರುವ ಪಿಎಲ್‌ಎ (ಜೋಳದಂಥ ಬೆಳೆಯಿಂದ ಮಾಡುವ ಪ್ಲಾಸ್ಟಿಕ್) ಲೋಟಗಳ ಬಗ್ಗೆಯೂ ಒಂದು ಮಾತು. ಅವು ಸರಿಯಾಗಿ ಕೊಳೆಯಬೇಕಾದರೆ ದೊಡ್ಡ ಕಾಂಪೋಸ್ಟ್ ಘಟಕದ ಶಾಖ ಬೇಕು, ಸುಮಾರು 60 ಡಿಗ್ರಿ. ಆ ಘಟಕಕ್ಕೆ ಕಳಿಸುವ ಏರ್ಪಾಡು ಇಲ್ಲದೆ ಅದನ್ನು ತರಿಸುವ ಕಂಪನಿ ತನ್ನ ಸಮಾಧಾನಕ್ಕೆ ತರಿಸುತ್ತಿದೆ ಅಂತಲೇ ನನ್ನ ಅಭಿಪ್ರಾಯ.

ಮೊನ್ನೆ ಅಕ್ಕ ಸಿಕ್ಕಿದ್ದರು. ಕಪ್ಪು ಕವರಿನ ರೋಲ್ ಈಗ ಎಷ್ಟು ದಿನ ಬರುತ್ತದೆ ಅಂತ ಕೇಳಿದೆ. 'ಮೊದಲು ಎರಡು ದಿನಕ್ಕೆ ಒಂದು ಮುಗೀತಿತ್ತು ಸಾರ್, ಈಗ ಎರಡು ವಾರ ಆದರೂ ಉಳಿದಿರುತ್ತೆ' ಅಂದರು. ಅವರ ಹೆಸರು ಯಾವ ಪರಿಸರ ದಿನದ ಸರ್ಟಿಫಿಕೇಟಿನಲ್ಲೂ ಇಲ್ಲ. ಅದನ್ನು ಎಚ್‌ಆರ್‌ಗೆ ಬರೆದು ಕಳಿಸಿದ್ದೇನೆ.

ಮುಂದಿನ ಜೂನ್‌ಗೆ ಎಲ್ಲರಿಗೂ ಬಟ್ಟೆಯ ಚೀಲ ಕೊಡುತ್ತಾರಂತೆ. ಆರ್ಡರ್ ಫಾರಂ ಒಮ್ಮೆ ತೋರಿಸಿ ಅಂತ ಖರೀದಿ ವಿಭಾಗವನ್ನು ಕೇಳಿದ್ದೇನೆ. ಇನ್ನೂ ತೋರಿಸಿಲ್ಲ.