ವಾಲ್ನಟ್ ಮರಕ್ಕೆ ಹುಳವೇ ಹಿಡಿಯಲ್ವಾ?

ಮಳೆಗಾಲ ಮುಗಿದು ಮನೆ ಕೆಲಸ ಶುರುವಾದರೆ ಸಾಕು, ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಅದೇ ಮೆಸೇಜ್ ಮತ್ತೆ ಬರುತ್ತದೆ: ವಾಲ್ನಟ್ ಮರ ಬೀಟೆಗಿಂತ ಗಟ್ಟಿ, ಹುಳ ಹಿಡಿಯಲ್ಲ, ಬಣ್ಣ ಮಾಸಲ್ಲ. ಮೂರೂ ತಪ್ಪು.

ಬೀಟೆಯೇ ಜಾಸ್ತಿ ಭಾರ, ಜಾಸ್ತಿ ಗಟ್ಟಿ. ವಾಲ್ನಟ್‌ನ ಹೊರಗಿನ ಬಿಳಿ ಭಾಗಕ್ಕೆ ಹುಳ ಸುಲಭವಾಗಿ ಬೀಳುತ್ತದೆ, ಒಳಗಿನ ಚೇಗನ್ನೂ ಗೆದ್ದಲು ಬಿಡುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಅಮೆರಿಕದ ಕಪ್ಪು ವಾಲ್ನಟ್ ಅಂತೂ ಬೆಳಕಿಗೆ ವರ್ಷ ಕಳೆದಂತೆ ತಿಳಿಯಾಗುತ್ತದೆ.

ಹಾಗಂತ ಇದು ಕಳಪೆ ಮರ ಅಲ್ಲ, ನನಗೆ ತುಂಬಾ ಇಷ್ಟದ ಮರ. ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ಒರೆಸಿ ಪೂಜೆಗೆ ಇಡುತ್ತೇವಲ್ಲ, ಆಗ ಅದರ ಮರದ ಹಿಡಿ ನೋಡಿ, ಎಷ್ಟೋ ಕೋವಿಗಳಲ್ಲಿ ಅದು ವಾಲ್ನಟ್‌ದೇ. ಚೆನ್ನಾಗಿ ಒಣಗಿದರೆ ಸೊಟ್ಟಗಾಗುವುದು ಕಡಿಮೆ, ಹೊಡೆತ ತಡೆಯುತ್ತದೆ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಕಾಶ್ಮೀರದ ಕೆತ್ತನೆಗೆ ಇದೇ ಮರ ಬೇಕಾಗುವುದೂ ಅದಕ್ಕೇ.

ಇಂಥ ಮೆಸೇಜ್ ಬಂದರೆ ನೀವೇ ಪರೀಕ್ಷಿಸಬಹುದು. ಒಂದು ತುಂಡಿನ ಅರ್ಧಕ್ಕೆ ದಪ್ಪ ಕಾಗದ ಸುತ್ತಿ ಕೆಲವು ತಿಂಗಳು ಬಿಸಿಲಲ್ಲಿ ಇಡಿ, ಆಮೇಲೆ ಬಿಚ್ಚಿ ಎರಡೂ ಬದಿ ಹೋಲಿಸಿ. ಕೊಳ್ಳುವಾಗ ಕಾಣದ ಮೂಲೆಯಲ್ಲಿ ಚಾಕುವಿನಿಂದ ಸ್ವಲ್ಪ ಕೆರೆಯಿರಿ. ಕೆಳಗೆ ಬೆಳ್ಳಗೆ ಕಂಡರೆ ಮೇಲಿನದು ಬರೀ ಬಣ್ಣ ಇರಬಹುದು, ಇಲ್ಲವೇ ಅದು ಹೊರಗಿನ ಬಿಳಿ ಭಾಗ. ಬಿಲ್ಲಿನಲ್ಲಿ ಮರದ ಹೆಸರು ಬರೆಸಿಕೊಳ್ಳಿ.