ಕರೆನ್ಸಿ ಬಿದ್ದರೆ ಒಳ್ಳೆಯದೇ ಅಲ್ವಾ ಮೇಡಂ?

ಪಿಎಚ್‌ಡಿಗೆ ಸೇರಿದವರಿಗೆ ಸೀನಿಯರ್‌ಗಳು ಮೊದಲ ವಾರವೇ ಒಂದು ಬುದ್ಧಿಮಾತು ಹೇಳುತ್ತಾರೆ. ಪಾಠಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ, ಟ್ಯುಟೋರಿಯಲ್ ಮುಗಿಸಿ ಬೇಗ ನಿನ್ನ ಪೇಪರ್‌ಗೆ ವಾಪಸ್ ಬಾ. ನನಗೂ ಹೇಳಿದರು. ಎರಡು ವರ್ಷ ಹಾಗೇ ಮಾಡಿದೆ ಕೂಡ. ಹಿಂದಿನ ವರ್ಷದ ನೋಟ್ಸ್, ಬೋರ್ಡಿನ ಮೇಲೆ ಅದೇ ಗೆರೆಗಳು, ಬೆಲ್ಲಾದ ತಕ್ಷಣ ಹೊರಗೆ. ಈಗ ಆ ಮಾತು ಶುದ್ಧ ತಪ್ಪು ಅನ್ನಿಸಿದೆ, ನನ್ನ ವಿಷಯದಲ್ಲಂತೂ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತಿದ್ದವರು ಓದಿ.

ನನ್ನದು ಅರ್ಥಶಾಸ್ತ್ರದಲ್ಲಿ ಅಂತಾರಾಷ್ಟ್ರೀಯ ಮ್ಯಾಕ್ರೋ. ಒಂದು ದೇಶದ ಬಡ್ಡಿ, ಬೆಲೆ, ಸಾಲ, ಉತ್ಪಾದನೆ ಇವೆಲ್ಲ ಬೇರೆ ದೇಶಗಳ ಜೊತೆ ಹೇಗೆ ತಳುಕು ಹಾಕಿಕೊಂಡಿವೆ ಅನ್ನೋದು. ಇದನ್ನು ಓದುತ್ತೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, ಡಾಲರ್ ಮುಂದಿನ ತಿಂಗಳು ಏರುತ್ತಾ, ಇಳಿಯುತ್ತಾ? ಗೊತ್ತಿಲ್ಲ ಅಂದರೆ ನಂಬುವುದಿಲ್ಲ. ಮತ್ತೆ ಇಷ್ಟು ವರ್ಷ ಏನು ಓದಿದೆ ಅಂತಾರೆ. 1983ರಲ್ಲಿ ರಿಚರ್ಡ್ ಮೀಸ್ ಮತ್ತು ಕೆನೆತ್ ರೋಗಾಫ್ ಅನ್ನೋ ಅರ್ಥಶಾಸ್ತ್ರಜ್ಞರು ಆಗಿನ ಮುಖ್ಯ ವಿನಿಮಯ ದರದ ಮಾಡೆಲ್‌ಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದರು. ಮುಂದಿನ ಬಡ್ಡಿ, ಮುಂದಿನ ಹಣದ ಪ್ರಮಾಣ ಇವುಗಳ ನಿಜವಾದ ಅಂಕಿಗಳನ್ನು ಮೊದಲೇ ಕೈಗಿಟ್ಟರೂ, ಒಂದು ವರ್ಷದೊಳಗಿನ ಊಹೆಯಲ್ಲಿ ಆ ಮಾಡೆಲ್‌ಗಳು 'ಇವತ್ತಿನ ದರವೇ ನಾಳೆಯೂ' ಅನ್ನೋ ಸೋಮಾರಿ ಲೆಕ್ಕವನ್ನು ಸೋಲಿಸಲಿಲ್ಲ. ನಲವತ್ತು ವರ್ಷ ದಾಟಿದರೂ ನಮ್ಮ ವಿಷಯಕ್ಕೆ ಆ ಗಾಯ ಪೂರ್ತಿ ಮಾಯ್ದಿಲ್ಲ.

ಸರಿ, ತರಗತಿಗೆ ಬರೋಣ. ಡಿಗ್ರಿ ಎರಡನೇ ವರ್ಷದವರಿಗೆ ಮಂಡೆಲ್–ಫ್ಲೆಮಿಂಗ್ ಮಾಡೆಲ್ ಹೇಳಿಕೊಡುತ್ತಿದ್ದೆ. 1960ರ ದಶಕದ ಕೆಲಸ ಅದು, ಇವತ್ತಿಗೂ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಕೇಂದ್ರ ಬ್ಯಾಂಕ್ ಬಡ್ಡಿ ಇಳಿಸುತ್ತದೆ, ದುಡ್ಡು ಹೊರಗೆ ಹೋಗುತ್ತದೆ, ಕರೆನ್ಸಿ ಬೀಳುತ್ತದೆ, ನಮ್ಮ ಸರಕು ಹೊರಗಿನವರಿಗೆ ಅಗ್ಗ ಆಗುತ್ತದೆ, ರಫ್ತು ಏರುತ್ತದೆ, ಕೆಲಸ ಹುಟ್ಟುತ್ತದೆ. ಬಾಣದ ಗುರುತು ಹಾಕುತ್ತಾ ಬೋರ್ಡಿನ ಈ ತುದಿಯಿಂದ ಆ ತುದಿಗೆ ಹೋದೆ. ಹಿಂದಿನ ಬೆಂಚಿನ ಹುಡುಗ ಒಬ್ಬ ಕೈ ಎತ್ತಿದ.

"ಮೇಡಂ, ಹಾಗಾದ್ರೆ ಕರೆನ್ಸಿ ಬಿದ್ದರೆ ಒಳ್ಳೆಯದೇ ಅಲ್ವಾ? ಮತ್ತೆ ಬಿದ್ದಾಗಲೆಲ್ಲ ಸರ್ಕಾರಗಳು ಯಾಕೆ ಗಾಬರಿ ಬೀಳ್ತವೆ?"

ಎಲ್ಲರೂ ನಕ್ಕರು. ನಾನೂ ನಕ್ಕು ಸಿದ್ಧ ಉತ್ತರ ಕೊಟ್ಟೆ. ಮೊದಲು ಆಮದು ದುಬಾರಿಯಾಗುತ್ತದೆ, ರಫ್ತು ಏರಲು ಸ್ವಲ್ಪ ಸಮಯ ಬೇಕು ಅಂದೆ. ಎಷ್ಟು ಸಮಯ ಅಂದ. ಒಂದು, ಒಂದೂವರೆ ವರ್ಷ ಅಂದೆ. ಅವನು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡ. ಅದೇ ನನಗೆ ಮುಜುಗರ ತಂದದ್ದು. ಯಾಕೆಂದರೆ ಮೇಲಿನ ಮಹಡಿಯ ನನ್ನ ಕೋಣೆಯಲ್ಲಿ, ನನ್ನದೇ ಲ್ಯಾಪ್‌ಟಾಪ್‌ನಲ್ಲಿ, ಬೋರ್ಡಿನ ಆ ಬಾಣಗಳಲ್ಲಿ ಒಂದು ತುಂಬಾ ಸೊರಗಿದೆ ಅಂತ ತೋರಿಸುವ ಪೇಪರ್‌ಗಳ ರಾಶಿಯೇ ಬಿದ್ದಿತ್ತು.

ಯಾವ ಬಾಣ? 'ನಮ್ಮ ಸರಕು ಹೊರಗಿನವರಿಗೆ ಅಗ್ಗ ಆಗುತ್ತದೆ' ಅನ್ನೋದು. ರಫ್ತು ಮಾಡುವವನು ತನ್ನ ದೇಶದ ಕರೆನ್ಸಿಯಲ್ಲೇ ಬೆಲೆ ಬರೆಯುತ್ತಾನೆ ಅಂದುಕೊಂಡರೆ ಮಾತ್ರ ಅದು ಸಲೀಸು. ನಿಜದಲ್ಲಿ ಇನ್ವಾಯ್ಸ್, ಅಂದರೆ ಸರಕಿನ ಬಿಲ್, ಎಷ್ಟೋ ಸಲ ಡಾಲರ್‌ನಲ್ಲಿರುತ್ತದೆ. ಜಗತ್ತಿನ ರಫ್ತಿನಲ್ಲಿ ಅಮೆರಿಕದ ಪಾಲು ಸುಮಾರು ಶೇ. 10, ಆದರೆ ಡಾಲರ್‌ನಲ್ಲಿ ಇನ್ವಾಯ್ಸ್ ಆಗುವ ರಫ್ತು ಸುಮಾರು ಶೇ. 40. ಅಂದರೆ ಅಮೆರಿಕಕ್ಕೆ ಸಂಬಂಧವೇ ಇಲ್ಲದ ಎರಡು ದೇಶಗಳು ಕೂಡ ತಮ್ಮತಮ್ಮಲ್ಲಿ ಡಾಲರ್‌ನಲ್ಲೇ ವ್ಯಾಪಾರ ಮಾಡುತ್ತಿವೆ. ಹೀಗಿರುವಾಗ ನಿಮ್ಮ ಕರೆನ್ಸಿ ಡಾಲರ್ ಎದುರು ಬಿದ್ದರೆ, ಕೊಳ್ಳುವವನ ಕಣ್ಣಿಗೆ ನಿಮ್ಮ ಸರಕಿನ ಬೆಲೆ ಸದ್ಯಕ್ಕೆ ಬದಲಾಗಿಯೇ ಇಲ್ಲ! ಅವನು ಯಾಕೆ ಜಾಸ್ತಿ ಕೊಳ್ಳುತ್ತಾನೆ? ನೀವು ತರಿಸಿಕೊಳ್ಳುವ ಸರಕು ಮಾತ್ರ ಆ ಕ್ಷಣದಿಂದಲೇ ದುಬಾರಿ. ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಮತ್ತು ಅವರ ಜೊತೆಗಾರರು 2020ರಲ್ಲಿ ಪ್ರಕಟಿಸಿದ ಪೇಪರ್‌ನ ತಿರುಳು ಹೆಚ್ಚುಕಡಿಮೆ ಇದೇ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಸ್ವಿಟ್ಜರ್ಲೆಂಡಿನದು. ಒಂದು ಯೂರೋಗೆ 1.20 ಫ್ರಾಂಕ್‌ಗಿಂತ ಕೆಳಗೆ ಬಿಡುವುದಿಲ್ಲ ಅಂತ ಅಲ್ಲಿನ ಕೇಂದ್ರ ಬ್ಯಾಂಕ್ 2011ರ ಸೆಪ್ಟೆಂಬರ್‌ನಿಂದ ಹಿಡಿದುಕೊಂಡು ಕೂತಿತ್ತು. 2015ರ ಜನವರಿ 15ರಂದು, ಯಾರಿಗೂ ಸುಳಿವು ಕೊಡದೆ, ಕೈ ಬಿಟ್ಟಿತು. ಫ್ರಾಂಕ್ ನಿಮಿಷಗಳಲ್ಲಿ ಜಿಗಿಯಿತು. ನಮ್ಮಂಥವರಿಗೆ ಇದು ಪ್ರಯೋಗಾಲಯ ಸಿಕ್ಕಿದ ಹಾಗೆ. ಆ ದೇಶಕ್ಕೆ ಬರುತ್ತಿದ್ದ ಸರಕಿನಲ್ಲಿ ಯೂರೋದಲ್ಲಿ ಬೆಲೆ ಬರೆದದ್ದು ಗಡಿಯಲ್ಲಿ ಬೇಗ ಅಗ್ಗವಾಯಿತು, ಫ್ರಾಂಕ್‌ನಲ್ಲಿ ಬೆಲೆ ಬರೆದದ್ದು ಅಷ್ಟು ಇಳಿಯಲಿಲ್ಲ. ಅದೇ ಗಡಿ, ಅದೇ ದಿನ. ಬೆಲೆ ಯಾವ ಕರೆನ್ಸಿಯಲ್ಲಿ ಬರೆದಿದೆ ಅನ್ನೋ ಗುಮಾಸ್ತರ ಕೆಲಸದಂಥ ವಿಷಯಕ್ಕೆ ಇಷ್ಟೊಂದು ತೂಕ ಇದೆ.

ಇನ್ನೊಂದು ಸಾಲದ ಕತೆ. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಕರೆನ್ಸಿ ಬಾತ್ ಅನ್ನು ತೇಲಲು ಬಿಟ್ಟಿತು, ಅಂದರೆ ಅದರ ದರ ಹಿಡಿದಿಡುವುದನ್ನು ನಿಲ್ಲಿಸಿತು. ಡಾಲರ್‌ಗೆ ಸುಮಾರು 25 ಇದ್ದದ್ದು ಮುಂದಿನ ಜನವರಿಗೆ 50 ದಾಟಿತು. ಅಲ್ಲಿನ ಕಂಪನಿಗಳು ಸಾಲ ಮಾಡಿದ್ದು ಡಾಲರ್‌ನಲ್ಲಿ, ಹೆಚ್ಚಿನವರ ಗಳಿಕೆ ಬಾತ್‌ನಲ್ಲಿ. ರಾತ್ರಿ ಮಲಗಿ ಎದ್ದರೆ ಸಾಲ ಬೆಳೆದಿದೆ. ಆಮೇಲೆ ಚಾಲ್ತಿ ಖಾತೆಯಲ್ಲಿ (ರಫ್ತು, ಆಮದು ಮುಂತಾದ ಹೊರದೇಶದ ಲೆಕ್ಕ) ಕೊರತೆ ಹೋಗಿ ಹೆಚ್ಚುವರಿ ಬಂತು, ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ರಫ್ತು ಉಕ್ಕಿದ್ದಲ್ಲ, ಜನರ ಕೈಯಲ್ಲಿ ದುಡ್ಡಿಲ್ಲದೆ ಆಮದು ಕುಸಿದದ್ದು. ಬೋರ್ಡಿನ ಮೇಲೆ ಎರಡೂ 'ಖಾತೆ ಸುಧಾರಿಸಿತು' ಅಂತಲೇ ಕಾಣುತ್ತವೆ.

ಹುಡುಗ ಕೇಳಿದ್ದು ಇದನ್ನೇ. ಪೆದ್ದು ಪ್ರಶ್ನೆ ಅಂತ ನಾವು ನಕ್ಕಿದ್ದು.

ಸೀನಿಯರ್ ಒಬ್ಬರ ಹತ್ತಿರ ಈ ಮಾತು ತೆಗೆದೆ. ಮೊದಲು ಸರಳ ಮಾಡೆಲ್ ಬರಲಿ, ಗೊಂದಲ ಎಲ್ಲ ಎಂಎಗೆ ಇರಲಿ ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ವಿನಿಮಯ ದರ, ಅಂದರೆ ಒಂದು ಡಾಲರ್‌ಗೆ ನಾವು ಕೊಡಬೇಕಾದ ದುಡ್ಡು, 'ಏರಿತು' ಅಂದರೆ ಕರೆನ್ಸಿ ಬಿತ್ತು ಅಂತ ಅರ್ಥ ಮಾಡಿಸಲಿಕ್ಕೇ ನನಗೆ ಎರಡು ತರಗತಿ ಹಿಡಿಯುತ್ತದೆ (ಕೆಲವು ಪುಸ್ತಕಗಳು ಇದನ್ನೂ ತಿರುಗಾಮುರುಗಾ ಬರೆಯುತ್ತವೆ, ಉತ್ತರ ಪತ್ರಿಕೆ ತಿದ್ದುವವರ ಪಾಡು ಯಾರಿಗೆ ಹೇಳೋಣ). ಆದರೆ ಈ ಮಕ್ಕಳಲ್ಲಿ ಬಹುಪಾಲು ಜನ ಎಂಎಗೆ ಬರುವುದೇ ಇಲ್ಲ. ಬ್ಯಾಂಕಿಗೆ, ಪತ್ರಿಕೆಗೆ, ಸರ್ಕಾರಿ ಕೆಲಸಕ್ಕೆ ಹೋಗುತ್ತಾರೆ. ಜೊತೆಗೆ ಹೋಗುವುದು ಆ ಬಾಣಗಳು ಮಾತ್ರ. ಸರಳ ಮಾಡೆಲ್ ಹೇಳಿಕೊಡಿ, ಅದು ಎಲ್ಲಿ ಕೈಕೊಡುತ್ತದೆ ಅನ್ನೋದನ್ನೂ ಅದೇ ತರಗತಿಯಲ್ಲಿ ಹೇಳಿ, ಹತ್ತು ನಿಮಿಷದ ಕೆಲಸ.

ನಮ್ಮ ಸಂಶೋಧನೆಯೇನು ಗಟ್ಟಿ ನೆಲದ ಮೇಲೆ ನಿಂತಿದೆಯಾ ಅಂದರೆ ಅದೂ ಇಲ್ಲ. ದೊಡ್ಡ ಕರೆನ್ಸಿಗಳು ತೇಲಲು ಶುರುವಾಗಿದ್ದು 1973ರಲ್ಲಿ. ಜಿಡಿಪಿ ಅಂಕಿ ಬರುವುದು ಮೂರು ತಿಂಗಳಿಗೊಮ್ಮೆ. ವರ್ಷಕ್ಕೆ ನಾಲ್ಕರಂತೆ ಐವತ್ತು ವರ್ಷಕ್ಕೆ 200 ಅಂಕಿ, ಅಷ್ಟೇ ನಮ್ಮ ಆಸ್ತಿ. ಅದರಲ್ಲೂ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿದ್ದರಿಂದ ಕರೆನ್ಸಿ ಹೀಗಾಯಿತಾ, ಕರೆನ್ಸಿ ಹೀಗಾಗುತ್ತಿದೆ ಅಂತ ಬಡ್ಡಿ ಏರಿಸಿದರಾ ಅಂತ ಬಿಡಿಸುವುದರಲ್ಲೇ ಅರ್ಧ ಥೀಸಿಸ್ ಕಳೆಯುತ್ತದೆ. ರಾತ್ರಿಯಿಡೀ ಓಡಿಸಿದ ಕೋಡ್ ಬೆಳಿಗ್ಗೆ ಬಂದು ನೋಡಿದರೆ ಒಂದು ಮೈನಸ್ ಚಿಹ್ನೆಗೆ ನಿಂತಿರುತ್ತದೆ. ಈ ಹಾಡು ಇನ್ನೊಂದು ದಿನ ಹಾಡುತ್ತೇನೆ.

ಮುಂದಿನ ಟ್ಯುಟೋರಿಯಲ್‌ನಲ್ಲಿ, ಕಳೆದ ವಾರ ನಾನು ಕೊಟ್ಟ ಉತ್ತರ ಅರ್ಧ ತಪ್ಪು ಅಂತಲೇ ಶುರು ಮಾಡಿದೆ. ತರಗತಿ ಅಷ್ಟು ನಿಶ್ಶಬ್ದವಾಗಿದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಇನ್ವಾಯ್ಸ್ ಕತೆ, ಸ್ವಿಸ್ ಕತೆ, ಥಾಯ್ ಕತೆ ಹೇಳಿದೆ. ಅದೇ ಹುಡುಗ ಮತ್ತೆ ಕೈ ಎತ್ತಿದ. "ಸರಿ ಮೇಡಂ, ಇಷ್ಟು ತೊಂದರೆ ಇದ್ದರೂ ಎಲ್ಲರೂ ಡಾಲರ್‌ನಲ್ಲೇ ಯಾಕೆ ಬೆಲೆ ಇಡ್ತಾರೆ? ಬಿಡಬಹುದಲ್ಲ?"

ಪಕ್ಕದ ಪೈಪೋಟಿಯವನು ಡಾಲರ್‌ನಲ್ಲಿ ಇಟ್ಟಿದ್ದಾನೆ, ಕಚ್ಚಾ ಮಾಲು ಡಾಲರ್‌ನಲ್ಲಿ ಬರುತ್ತದೆ, ಒಬ್ಬನೇ ಬಿಟ್ಟರೆ ಅವನಿಗೇ ಪೆಟ್ಟು ಅಂದೆ. ಹಾಗಾದರೆ ಎಷ್ಟು ಜನ ಒಟ್ಟಿಗೆ ಬಿಟ್ಟರೆ ಪೆಟ್ಟು ಬೀಳಲ್ಲ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇರಲಿಲ್ಲ ಅಂತಲೇ ಹೇಳಿದೆ, ಈ ಸಲ ಅವನು ಬರೆದುಕೊಳ್ಳಲಿಲ್ಲ. ನಾನು ಬರೆದುಕೊಂಡೆ. ಸಂಜೆ ನಮ್ಮ ಗೈಡ್ ಹತ್ತಿರ ಹೋಗಿ, ಮೂರನೇ ಅಧ್ಯಾಯ ಬದಲಾಯಿಸಬೇಕು ಅಂತಿದ್ದೇನೆ ಅಂದೆ. ಇಷ್ಟು ತಡವಾಗಿಯಾ ಅಂತ ಕನ್ನಡಕ ತೆಗೆದಿಟ್ಟರು. ಪ್ರಶ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಕುರ್ಚಿ ತೋರಿಸಿ ಕೂತ್ಕೊಳ್ಳಮ್ಮ ಅಂದರು.